ಕೂಗಿದ್ದಕ್ಕೆ ಬಂದ ನೀರು

ಸುಗತನ್ ಸಾಯುವ ಹಿಂದಿನ ದಿನ ಬೆಳಿಗ್ಗೆ ಅವನ ಹೆಂಡತಿ ಓಮನ ಅವನ ದೋಣಿಯಲ್ಲಿ ಕೂತು ಗಂಟಲು ಹದ ಮಾಡಿಕೊಳ್ಳುತ್ತಿದ್ದಳು. ಅವತ್ತು ಆಲಪ್ಪುಳದಲ್ಲಿ ಕಲೆಕ್ಟರ ಕಚೇರಿಗೆ ಮೆರವಣಿಗೆ. ಗದ್ದೆ ಕೂಲಿಯವರ ಪಿಂಚಣಿ ಬಂದಿಲ್ಲವೆಂದು. ಬಾಯಲ್ಲಿ ಶುಂಠಿ ಚೂರು, ಮಡಿಲಲ್ಲಿ ಸುತ್ತಿಟ್ಟ ಕೆಂಪು ಬಾವುಟ, ಡಬ್ಬಿಯಲ್ಲಿ ಬೇಯಿಸಿದ ಮರಗೆಣಸು, ಅದರ ಮೇಲೆ ಮೀನಿನ ಸಾರು.

"ಎಲ್ಲಿ ಹೋಯ್ತು ಪಿಂಚಣಿ, ಯಾರು ನುಂಗಿದ್ರು ಪಿಂಚಣಿ?" ಎಂದು ಕೂಗಿ, "ಹ್ಞೂಂ, ಹಿಂದೆ ಹೇಳಿ ನೋಡೋಣ" ಎಂದಳು.

ಸುಗತನ್ ಹುಟ್ಟು ಹಾಕುತ್ತಲೇ ಹೇಳಿದ. ನೆಂಟರ ಮನೆಯಲ್ಲಿ ಎರಡನೇ ಸಲ ಅನ್ನ ಕೇಳುವವನ ದನಿ.

"ಥೂ! ಇದನ್ನ ಕೂಗೋದು ಅಂತಾರಾ? ಕಲೆಕ್ಟರ್ ಬಂದು ನಿಮಗೇ ಸಮಾಧಾನ ಹೇಳ್ತಾರೆ ಅಷ್ಟೇ."

"ನಂಗೆ ಇಷ್ಟೇ ಬರೋದು ಕಣೇ ಓಮನೇ. ಮನೆಗೆ ಅಂತ ದೇವರು ಕೊಟ್ಟ ಗಂಟಲನ್ನೆಲ್ಲ ನೀನೊಬ್ಬಳೇ ತಗೊಂಡೆ."

ದೋಣಿಯಲ್ಲಿದ್ದ ಪಕ್ಕದ ಮನೆಯ ಪೊನ್ನಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಓಮನ ಅವಳನ್ನು ನೋಡಲಿಲ್ಲ. ಇಬ್ಬರಿಗೂ ಮಾತು ಬಿಟ್ಟಿತ್ತು. ಓಮನಳ ತೆಂಗಿನೆಣ್ಣೆಯ ಖಾಲಿ ಡಬ್ಬಿಯೊಂದು ಹಿತ್ತಲಿಂದ ಮಾಯವಾಗಿ, ಅದನ್ನು ಪೊನ್ನಮ್ಮನೇ ಕದ್ದಳು ಎಂದು ಓಮನ ಒಡ್ಡಿನ ಮೇಲಿನ ಮನೆಗಳಿಗೆಲ್ಲ ಕೇಳುವಂತೆ ಹೇಳಿದ್ದಳು. ಹಳದಿ ಡಬ್ಬಿ. ಕಳೆದು ಹೋಗಬಾರದೆಂದು ಬಾವುಟದ ಕೋಲಿಗೆ ಬಳಿದು ಉಳಿದ ಕೆಂಪು ಬಣ್ಣದಲ್ಲಿ ಅದರ ಮೇಲೆ ತಾನೇ ಒಂದು ಗೀರು ಎಳೆದಿದ್ದಳು.

ದೋಣಿ ಆಚೆ ದಡದ ಕಡವು, ಜನ ಇಳಿಯುವ ಜಾಗ, ಮುಟ್ಟುವ ಹೊತ್ತಿಗೆ ಸುಗತನ್ ಹುಟ್ಟನ್ನು ಬಲಗೈಗೆ ಬದಲಿಸಿದ.

"ಯಾಕೋ ಎಡಭುಜ ಹಿಡ್ಕೊಂಡ ಹಾಗಿದೆ."

"ಅದಕ್ಕೊಂದು ಮನವಿ ಕೊಡಿ," ಎಂದಳು ಓಮನ. "ಬಿಡದೇ ಇದ್ರೆ ಭುಜದ ಮುಂದೇ ಧರಣಿ ಕೂರೋಣ."

ಸುಗತನ್ ನಕ್ಕ. ಪೊನ್ನಮ್ಮನೂ ಜಗಳ ಮರೆತು ನಕ್ಕಳು. ಓಮನಳಿಗೆ ತನ್ನ ಮಾತು ತನಗೇ ಹಿಡಿಸಿ ಮೆರವಣಿಗೆಯಲ್ಲಿ ಮತ್ತೆ ಇಬ್ಬರಿಗೆ ಹೇಳಿದಳು. ಅವರೂ ನಕ್ಕರು. ಅಷ್ಟು ಚೆನ್ನಾದ ಹಾಸ್ಯ ಅದು.

ಸಂಜೆ ಅವಳು ಗಂಟಲು ಹರಿದುಕೊಂಡು ಬಂದಾಗ ಸುಗತನ್ ಒಣಶುಂಠಿ ಬೆಲ್ಲ ಹಾಕಿ ಕಾಫಿ ಕಾಯಿಸಿಟ್ಟಿದ್ದ. ಓಮನ ಕುಡಿದಳು. "ಬೆಲ್ಲ ಕಮ್ಮಿ" ಎಂದಳು. ಅದು ಅವಳು ಅವನಿಗೆ ನೆಟ್ಟಗೆ ಹೇಳಿದ ಕಡೆಯ ಮಾತು. ಮಾರನೇ ದಿನ ಹೇಳಿದ್ದು ಅವನಿಗೆ ಕೇಳಿಸಲಿಲ್ಲ.

ಕುಟ್ಟನಾಡಿನ ಆ ಒಡ್ಡಿನ ಮೇಲೆ ಒಂದು ಸಾಲು ಮನೆ. ಹಿಂದೆ ಗದ್ದೆ, ಮುಂದೆ ಕಾಲುವೆ, ಎಲ್ಲಿ ನೋಡಿದರೂ ನೀರು, ಕುಡಿಯಲಿಕ್ಕೆ ಒಂದು ಹನಿ ಇಲ್ಲ. ಸುಗತನ್ ಅಲ್ಲಿಯ ಕಡವಿನ ದೋಣಿಯವನು. ಪಂಚಾಯಿತಿಯ ದೋಣಿ, ಜನರಿಗೆ ಬಿಟ್ಟಿ. ಆದರೂ ದೋಣಿಯಿಂದ ಇಳಿಯುವ ಒಬ್ಬೊಬ್ಬರಿಗೂ ಅವನು "ದೊಡ್ಡ ಉಪಕಾರ" ಎನ್ನುತ್ತಿದ್ದ. ಜನ ಅವನಿಗೆ ಉಪಕಾರದ ಸುಗತನ್ ಎಂದೇ ಹೆಸರಿಟ್ಟಿದ್ದರು. ಓಮನಳಿಗೆ ಇದು ಬೆಂಕಿ.

"ಹುಟ್ಟು ಹಾಕಿದ್ದು ನೀವು, ಕೂತು ಬಂದಿದ್ದು ಅವರು. ಉಪಕಾರ ಅಂತ ಅವರು ಹೇಳ್ಬೇಕು. ನೀವ್ಯಾಕೆ ಹೇಳ್ತೀರಿ?"

"ನನ್ನ ದೋಣಿ ಹತ್ತಿದ್ರಲ್ಲ. ಈಜ್ಕೊಂಡು ಹೋಗಬಹುದಿತ್ತು."

ಇಂಥವನ ಜೊತೆ ಸಂಸಾರ. ಓಮನ ಇವನಿಗೆ ತದ್ವಿರುದ್ಧ. ಓದು ಮೂರನೇ ಕ್ಲಾಸಿಗೆ ನಿಂತಿತ್ತು, ಗಂಟಲು ಮಾತ್ರ ನಿಂತಿರಲಿಲ್ಲ. ಗದ್ದೆ ಕೂಲಿಯವರ ಸಂಘದ ಯಾವ ಮೆರವಣಿಗೆಯೇ ಇರಲಿ, ಮುಂದೆ ನಿಂತು ಘೋಷಣೆ ಎತ್ತಿಕೊಡುವವಳು ಅವಳೇ. ಅವಳು ಒಂದು ಸಾಲು ಕೂಗಿದರೆ ಹಿಂದೆ ನೂರು ಬಾಯಿ ಅದನ್ನೇ ಕೂಗಬೇಕು. ವರ್ಷಗಟ್ಟಲೆ ಹೀಗೆ ಕೂಗಿ ಕೂಗಿ, ಮನೆಯಲ್ಲೂ ಒಂದು ಮಾತನ್ನು ಎರಡು ಸಲ ಹೇಳುವುದು ಅಭ್ಯಾಸವಾಗಿತ್ತು. "ಗಂಜಿ ಆರ್ತಿದೆ, ಗಂಜಿ ಆರ್ತಿದೆ!" ಎಂದರೆ ಅಕ್ಕಪಕ್ಕದ ಮೂರು ಮನೆಯವರು ಎಲೆ ಹಾಕಿಕೊಳ್ಳುತ್ತಿದ್ದರು.

ಅವಳ ಕಿರೀಟದ ಗರಿ ಎಂದರೆ ನೀರಿನ ಹೋರಾಟ. ಆಚೆ ದಡದಿಂದ ಒಡ್ಡಿಗೆ ಸರಕಾರ ಪೈಪು ಹಾಕಿತ್ತು, ನಲ್ಲಿಯೂ ನಿಂತಿತ್ತು, ತಿರುಗಿಸಿದರೆ ಮುದುಕನ ಕೆಮ್ಮಿನಂಥ ಸದ್ದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಆಚೆ ಕಡವಿನಲ್ಲಿ ವಾಲ್ವ್ ತಿರುಗಿಸಿ ನೀರು ಬಿಡಬೇಕಾದವನು ಈಪ್ಪಚ್ಚ. ವಯಸ್ಸಾದ ಕ್ರಿಸ್ತಿಯಾನಿ, ಗಿಡ್ಡ ಆಳು, ಅರೆಮುಚ್ಚಿದ ಕಣ್ಣು. ಆ ಕಣ್ಣು ನೋಡಿದರೆ ಯಾವಾಗಲೂ ಈಗಷ್ಟೇ ಎದ್ದವನ ಹಾಗೆ ಕಾಣುತ್ತಿದ್ದ. ಓಮನಳಿಗೆ ಅಷ್ಟು ಸಾಕಾಯಿತು. ಹೆಂಗಸರೆಲ್ಲ ಖಾಲಿ ಕೊಡ ಹೊತ್ತು ಹೋಗಿ ಅವನ ಶೆಡ್ಡಿನ ಮುಂದೆ ಕೂತರು. ಓಮನ ಅಲ್ಲೇ ನಿಂತ ನಿಲುವಿನಲ್ಲಿ ಪದ ಕಟ್ಟಿದಳು:

"ನೀರೆಲ್ಲಿ ನೀರೆಲ್ಲಿ ಈಪ್ಪಚ್ಚಾ?
ಮಲಗಿದ್ದು ಸಾಕೋ, ಏಳಪ್ಪಚ್ಚಾ!"

ಪದ ಕಾಲುವೆಯಲ್ಲಿ ಪಾಚಿಯ ಹಾಗೆ ಹಬ್ಬಿತು. ಶಾಲೆಯ ಮಕ್ಕಳು ಈಪ್ಪಚ್ಚನನ್ನು ಕಂಡಲ್ಲೆಲ್ಲ ಹಾಡಿದರು. ಅವನ ಮಗಳ ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯವರು ಬೋಟಿನಿಂದ ಇಳಿಯುವಾಗಲೂ ಯಾವುದೋ ಮಗು ಹಾಡಿತಂತೆ. ಓಮನ ಆ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಹೋರಾಟವಾಗಿ ಎರಡು ದಿನವಾಗಿತ್ತೋ ಇಲ್ಲವೋ, ಒಂದು ಬೆಳಗಿನ ಜಾವ ನಲ್ಲಿ ಕೆಮ್ಮಿತು, ಉಗುಳಿತು, ಆಮೇಲೆ ಧೋ ಎಂದು ಸುರಿಯಿತು. ಅವತ್ತಿನಿಂದ ದಿನಾ ಬೆಳಿಗ್ಗೆ ನೀರು. ಸಂಘದ ಮುಂದಾಳು ಸಖಾವ್ ಚೆಲ್ಲಪ್ಪನ್, ಸಖಾವ್ ಎಂದರೆ ಅಲ್ಲಿ ಕಾಮ್ರೇಡ್, ವಿಜಯದ ಮೆರವಣಿಗೆ ಇಟ್ಟ. ಓಮನಳಿಗೆ ಕೆಂಪು ಕಾಗದದ ಮಾಲೆ ಹಾಕಿ, ದೋಣಿಯ ಮೂತಿಯಲ್ಲಿ ನಿಲ್ಲಿಸಿ, ಕಾಲುವೆಯ ಉದ್ದಕ್ಕೂ ತಿರುಗಿಸಿದರು. ದೋಣಿ ನಡೆಸಿದವನು ಸುಗತನ್. ಕಡೆಯಲ್ಲಿ ಲಾಡು ಹಂಚುವಾಗ ಅವನ ಪಾಲಿಗೆ ಮುರಿದ ಅರ್ಧ ಬಂತು. "ದೊಡ್ಡ ಉಪಕಾರ" ಎಂದು ತೆಗೆದುಕೊಂಡ.

ಆ ಮಾಲೆಯನ್ನು ಓಮನ ಮನೆಯಲ್ಲಿ ಗುರುವಿನ ಪಟದ ಪಕ್ಕದ ಮೊಳೆಗೆ ತೂಗುಹಾಕಿದಳು. ಯಾರೇ ಬಂದರೂ ಅದರ ಕೆಳಗೇ ಕೂರಿಸುವಳು. ನೀರು ಕೇಳಿದವರಿಗೆ ಲೋಟ ಕೊಡುತ್ತಾ, "ಕುಡೀರಿ, ಕೂಗಿದ್ದಕ್ಕೆ ಬಂದ ನೀರು" ಎನ್ನುವಳು.

ಸುಗತನ್ ನಸುಕಿಗೆ ಮುಂಚೆ ಎದ್ದು ದೋಣಿ ಬಿಚ್ಚಿಕೊಂಡು ಆಚೆ ದಡಕ್ಕೆ ಹೋಗುತ್ತಿದ್ದ. ಚಹಾ ಅಂಗಡಿಯ ಹರಟೆಗೆ ಎಂದು ಓಮನಳ ಲೆಕ್ಕ. ಬೆಳಗಾದ ಮೇಲೆ ಬಂದರೆ ಮುಂಡು ತೊಡೆಯವರೆಗೂ ಕೆಸರು.

"ಬೆಂಚಿನ ಮೇಲೆ ಕೂತು ಚಹಾ ಕುಡಿಯೋರಿಗೆ ತೊಡೆ ಮೇಲೆ ಕೆಸರು ಹೇಗ್ರೀ ಹತ್ತುತ್ತೆ?"

"ಜಾರಿದೆ."

ದಿನಾ ಜಾರುವ ಮನುಷ್ಯ ಯಾರಿದ್ದಾರೆ? ಓಮನ ಕೇಳಲಿಲ್ಲ. ಕಲೆಕ್ಟರನ್ನು ಪ್ರಶ್ನೆ ಕೇಳುವವಳಿಗೆ ಗಂಡನ ಮುಂಡಿನ ಕೆಸರಿನ ಮೇಲೆ ಎರಡನೇ ಪ್ರಶ್ನೆ ಕೇಳಲು ಪುರುಸೊತ್ತು ಇರಲಿಲ್ಲ. ಬೈದುಕೊಂಡು ಒಗೆಯುತ್ತಿದ್ದಳು.

ಅವನು ಸತ್ತ ಬೆಳಿಗ್ಗೆಯೂ ನಲ್ಲಿಯಲ್ಲಿ ನೀರು ಬಂತು. ಓಮನ ಕೊಡ ಇಟ್ಟು ನಿಂತಿದ್ದಳು. ದೋಣಿ ಈಚೆ ದಡಕ್ಕೆ ಬಂದು ತೆಂಗಿನ ಬೊಡ್ಡೆಗೆ ತಾಗಿ ನಿಂತಿತ್ತು. ಸುಗತನ್ ಹುಟ್ಟನ್ನು ಮಡಿಲಿಗೆ ಅಡ್ಡ ಇಟ್ಟುಕೊಂಡು, ತಲೆ ಬಗ್ಗಿಸಿ ಕೂತಿದ್ದ.

"ಅಲ್ಲೇ ನಿದ್ದೆ ಹೊಡೀತೀರಾ? ಜನ ಕಾಯ್ತಿದ್ದಾರೆ, ಏಳ್ರೀ!"

ಆಲಪ್ಪುಳದ ಕಚೇರಿಯ ಮೂರನೇ ಮಹಡಿಗೆ ಕೇಳಿದ ಗಂಟಲು ಅದು. ಒಡ್ಡಿನಲ್ಲಿದ್ದವರೆಲ್ಲ ಮನೆಯಿಂದ ಹೊರಗೆ ಬಂದರು. ಅವನೊಬ್ಬ ತಲೆ ಎತ್ತಲಿಲ್ಲ. ಹಿಂದೆ ಕೊಡ ತುಂಬಿ ಹರಿದು ಅವಳ ಹಿಮ್ಮಡಿ ನೆನೆಯುತ್ತಿತ್ತು.

ಅವತ್ತೇ ಸಂಜೆ ಒಡ್ಡಿನ ತುದಿಯಲ್ಲಿ ಸುಟ್ಟರು. ಚಿತೆಗೆ ಬೆಂಕಿ ಇಟ್ಟವನು ಸುಗತನ್‌ನ ತಮ್ಮನ ಮಗ. ಸಂಘದ ಹೆಂಗಸರೆಲ್ಲ ಬಂದಿದ್ದರು. ಅಲ್ಲಿಯವರೆಗೆ ಓಮನ ಅತ್ತಿರಲಿಲ್ಲ. ಬೆಂಕಿ ಹತ್ತಿದಾಗ ಅವಳ ಒಳಗಿಂದ ಏನೋ ಕಿತ್ತುಕೊಂಡು ಬಂತು. ಎರಡೂ ಕೈ ಮೇಲೆತ್ತಿ ಕೂಗಿದಳು:

"ಹೋಗ್ಬಿಟ್ರಲ್ಲಾ, ಹೋಗ್ಬಿಟ್ರಲ್ಲಾ! ನನ್ನ ಬಿಟ್ಟು ಹೋಗ್ಬಿಟ್ರಲ್ಲಾ!"

ಹಿಂದಿನಿಂದ ನೂರು ಬಾಯಿ ಒಟ್ಟಿಗೆ ಎತ್ತಿಕೊಂಡವು:

"ಹೋಗ್ಬಿಟ್ರಲ್ಲಾ, ಹೋಗ್ಬಿಟ್ರಲ್ಲಾ! ನನ್ನ ಬಿಟ್ಟು ಹೋಗ್ಬಿಟ್ರಲ್ಲಾ!"

ಎರಡು ಮೂರು ಮುಷ್ಟಿ ಮೇಲೆ ಹೋಗಿದ್ದವು. ತಪ್ಪು ಅವರದಲ್ಲ. ಎಷ್ಟೋ ವರ್ಷ ಆ ಗಂಟಲಿನ ಹಿಂದೆ ಕೂಗಿದವರು. ಓಮನ ಏನು ಕೂಗಿದಳೆಂದು ಕಿವಿ ಕೇಳುವ ಮೊದಲೇ ಬಾಯಿ ಹೇಳಿಬಿಡುತ್ತಿತ್ತು. ಕೂಗಿ ಮುಗಿದ ಮೇಲೆ ಎಲ್ಲರಿಗೂ ಗೊತ್ತಾಯಿತು. ಸಖಾವ್ ಚೆಲ್ಲಪ್ಪನ್ ಎತ್ತಿದ ಮುಷ್ಟಿಯನ್ನು ಮೆಲ್ಲನೆ ಬಿಡಿಸಿ ತಲೆ ಕೆರೆದುಕೊಂಡ. ಎಲ್ಲೋ ಹಿಂದೆ ಪೊನ್ನಮ್ಮ ಅಳುತ್ತಿದ್ದವಳು ಕಿಸಕ್ಕನೆ ನಕ್ಕು, ಮತ್ತೆ ಜೋರಾಗಿ ಅತ್ತಳು.

ಓಮನ ಬಾಯಿ ಮುಚ್ಚಿದಳು. ಗಂಡ ಸತ್ತದ್ದಕ್ಕೆ ಅಳುವ ದನಿಯೂ ತನ್ನ ಹತ್ತಿರ ಬೇರೆ ಇಲ್ಲವಲ್ಲ ಎನಿಸಿತು. ಕಲೆಕ್ಟರಿಗೆ ಯಾವುದೋ, ಸುಗತನ್‌ಗೂ ಅದೇ.

ದೂರದಲ್ಲಿ ತೆಂಗಿನ ಮರದ ಕೆಳಗೆ ಈಪ್ಪಚ್ಚ ಒಬ್ಬನೇ ನಿಂತಿದ್ದ. ಹತ್ತಿರ ಬರಲಿಲ್ಲ. ಯಾರ ಹತ್ತಿರವೂ ಮಾತಾಡದೆ ಹೋದ. "ಮುಖ ತೋರಿಸಿ ಹೋಗೋಕೆ ಬಂದಿದ್ದ, ಸೋಮಾರಿ" ಎಂದುಕೊಂಡಳು ಓಮನ. ದುಃಖದಲ್ಲೂ ಅಷ್ಟು ಬಿಡುವು ಮಾಡಿಕೊಂಡಳು.

ಮಾರನೇ ದಿನ ನಲ್ಲಿಯಲ್ಲಿ ನೀರು ಬರಲಿಲ್ಲ. ಅದರ ಮಾರನೇ ದಿನ ಹೊತ್ತು ಏರಿದ ಮೇಲೆ ಒಂದು ಕೊಡದಷ್ಟು ಬಂತು. ಆಮೇಲೆ ಅದೂ ಇಲ್ಲ. ಸುಗತನ್‌ನ ಹದಿನಾರನೇ ದಿನದ ತಿಥಿಯೂಟಕ್ಕೆ ಪೇಟೆಯಿಂದ ದೋಣಿಯಲ್ಲಿ ನೀರು ತರಿಸಬೇಕಾಯಿತು. ಒಡ್ಡಿನ ಹೆಂಗಸರು ದೋಣಿ ಹಿಡಿದು ಪೇಟೆಯ ನಲ್ಲಿಗೆ ಹೋದರೆ ಅಲ್ಲಿಯವರು ಓಡಿಸಿದರು.

ಸಖಾವ್ ಚೆಲ್ಲಪ್ಪನ್ ಬಂದು ಮಾಲೆಯ ಕೆಳಗೆ ಕೂತ. ಒಡ್ಡಿನ ಕಿರಿಯರೆಲ್ಲರ ಹಾಗೆ ಅವನಿಗೂ ಓಮನ ಚೇಚಿ, ಅಂದರೆ ಅಕ್ಕ.

"ಓಮನಚೇಚೀ, ದುಃಖ ದುಃಖದ ಕಡೆ ಇರಲಿ, ನೀರು ನೀರಿನ ಕಡೆ. ಈಪ್ಪಚ್ಚ ಮತ್ತೆ ಹಳೇ ಬುದ್ಧಿ ಶುರು ಮಾಡಿದ್ದಾನೆ. ನಿಮ್ಮ ಮನೇಲಿ ಸಾವಾಗಿದೆ, ಇನ್ನು ಕೂಗೋರು ಯಾರೂ ಇಲ್ಲ ಅನ್ನೋ ಧೈರ್ಯ ಅವನಿಗೆ."

"ಹೌದಾ?" ಎಂದಳು ಓಮನ.

"ಮತ್ತೇನು? ನಸುಕಿನಲ್ಲೇ ಹೋಗೋಣ. ಮಲಗಿದ್ದಾಗಲೇ ಹಿಡೀಬೇಕು. ನಿಮ್ಮ ಪದಾನೇ ಸಾಕು, ಹೊಸದು ಕಟ್ಟೋದೂ ಬೇಡ."

ಅಳುವುದಕ್ಕಿಂತ ಬೈಯುವುದು ಸುಲಭ. ಓಮನಳಿಗೆ ಎಷ್ಟೋ ದಿನದ ಮೇಲೆ ಮೈಯಲ್ಲಿ ಬಿಸಿ ಓಡಿತು. ಬಾವುಟ ಒಗೆದು ಒಣಗಿಸಿದಳು. ಬಾಯಿಗೆ ಶುಂಠಿ ಹಾಕಿಕೊಂಡಳು. ಸುಗತನ್‌ನ ದೋಣಿಯನ್ನು ತಾನೇ ನಡೆಸಿದಳು. ಹಿಂದೆ ಆರೇಳು ದೋಣಿ, ದೋಣಿ ತುಂಬ ಖಾಲಿ ಕೊಡ ಹಿಡಿದ ಹೆಂಗಸರು. ಕತ್ತಲು ಇನ್ನೂ ಪೂರ್ತಿ ಹರಿದಿರಲಿಲ್ಲ.

ಶೆಡ್ಡಿನ ಬಾಗಿಲು ತೆರೆದೇ ಇತ್ತು. ಒಳಗೆ ಯಾರೂ ಇಲ್ಲ. ಶೆಡ್ಡಿನ ಹಿಂದೆ ಬಳಬಳ ಎಂದು ನೀರು ಚೆಲ್ಲುವ ಸದ್ದು.

"ನೋಡಿದ್ರಾ," ಎಂದ ಚೆಲ್ಲಪ್ಪನ್. "ಒಡ್ಡಿಗೆ ನೀರಿಲ್ಲ, ಅಯ್ಯನವರ ಸ್ನಾನ ನಡೀತಿದೆ. ಎತ್ಕೊಳ್ಳಿ ಚೇಚೀ!"

ಓಮನ ಎದೆ ತುಂಬ ಉಸಿರು ತುಂಬಿಕೊಂಡು ಶೆಡ್ಡು ಸುತ್ತಿ ಹೋದಳು. ಅಲ್ಲೊಂದು ಗೋಡೆ ಕಟ್ಟದ ಗುಂಡಿ. ಗುಂಡಿಯಲ್ಲಿ ಸೊಂಟದವರೆಗೆ ಕೆಸರು ನೀರಲ್ಲಿ ಈಪ್ಪಚ್ಚ ನಿಂತಿದ್ದ. ಬಾಗಿ ಬಾಗಿ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದ. ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡಿದ್ದ. ಇನ್ನೊಂದು ಕೈಯಲ್ಲಿ ಓರೆಯಾಗಿ ಕತ್ತರಿಸಿದ ಹಳದಿ ಡಬ್ಬಿ. ಡಬ್ಬಿಯ ಮೇಲೆ ಕೆಂಪು ಗೀರು.

ಓಮನಳಿಗೆ ಮೊದಲು ಹೊಳೆದದ್ದು ಏನು ಗೊತ್ತೇ? 'ಡಬ್ಬಿ ಕಳ್ಳ ಇವನು!'

ಅಷ್ಟರಲ್ಲಿ ಈಪ್ಪಚ್ಚ ಜನರನ್ನು ಕಂಡು ಗಾಬರಿಯಾಗಿ ಹಿಂದೆ ಸರಿದ. ಕಾಲು ಕೆಸರಲ್ಲಿ ಹೂತು ವಾಲಿದ. ನೀರು ಎದೆಗೆ ಬಂತು. ಓಮನ ಕೂಗಿದಳು:

"ಮೇಲೆ ಬನ್ನಿ ಈಪ್ಪಚ್ಚಾ!"

ಹಿಂದೆ ಎಲ್ಲರೂ ಮುಷ್ಟಿ ಎತ್ತಿ ಕೂಗಿದರು: "ಮೇಲೆ ಬನ್ನಿ ಈಪ್ಪಚ್ಚಾ!"

"ಬಂದೆ ಕಣ್ರೋ," ಎಂದ ಈಪ್ಪಚ್ಚ, ಅಳುದನಿಯಲ್ಲಿ. "ಅದಕ್ಕೂ ಮೆರವಣಿಗೆ ಯಾಕೆ? ಕಾಲು ಸಿಕ್ಕಿಕೊಂಡಿದೆ."

ಓಮನ ಬಾವುಟದ ಕೋಲು ಚಾಚಿದಳು. ಅದನ್ನು ಹಿಡಿದು ಅವನು ಮೇಲೆ ಬಂದ. ಆ ಕೋಲು ಅಷ್ಟು ವರ್ಷದಲ್ಲಿ ಯಾರನ್ನಾದರೂ ಮೇಲೆ ಎತ್ತಿದ್ದು ಅದೇ ಮೊದಲು. ಅವನು ದಡದ ಮೇಲೆ ಕೂತು ಏದುಸಿರು ಬಿಟ್ಟ. ಓಮನ ಡಬ್ಬಿಗೆ ಕೈ ತೋರಿಸಿದಳು.

"ಇದು ನಿಮ್ಮ ಹತ್ರ ಹೇಗೆ ಬಂತು?"

"ಸುಗತನ್ ತಂದಿಟ್ಟಿದ್ದು. ಅವನ ಮೊಗೆ ಅಲ್ವಾ ಇದು."

"ಅವರು ಇಲ್ಲಿ ಯಾಕೆ ಮೊಗೀತಿದ್ರು?"

ಈಪ್ಪಚ್ಚ ಅವಳನ್ನು ನೋಡಿದ. ಹಿಂದಿನ ಹೆಂಗಸರನ್ನು ನೋಡಿದ. "ಹೇಳಬಾರದು ಅಂದಿದ್ದ" ಎಂದ.

"ಸತ್ತವರ ಮಾತು ಸತ್ತವರ ಜೊತೆ ಹೋಯ್ತು. ಹೇಳಿ."

ಹೇಳಿದ. ರಾತ್ರಿ ಕಾಲುವೆಯ ನೀರು ಏರಿ ಗುಂಡಿ ತುಂಬುತ್ತದೆ. ಒಡ್ಡಿನ ವಾಲ್ವ್ ಇರುವುದು ಆ ಗುಂಡಿಯ ತಳದಲ್ಲಿ. ನೀರು ಖಾಲಿ ಮಾಡಿ, ಕೆಸರು ತೆಗೆದರೆ ಮಾತ್ರ ಅದನ್ನು ತಿರುಗಿಸಲು ಆಗುವುದು. ಅದೂ ನಸುಕಿನಲ್ಲೇ ಆಗಬೇಕು. ಹೊತ್ತೇರಿದರೆ ಪೇಟೆಯ ನಲ್ಲಿಗಳೆಲ್ಲ ತೆರೆದುಕೊಂಡು ಈ ಕಡೆಗೆ ನೀರು ಏರುವುದಿಲ್ಲ. ಗುಂಡಿಗೆ ಗೋಡೆ ಕಟ್ಟಿಸಿ ಎಂದು ಈಪ್ಪಚ್ಚ ಮೇಲಿನವರಿಗೆ ಹೇಳಿ ಹೇಳಿ ಸಾಕಾಗಿದ್ದ. ಹೆಂಗಸರ ಆ ಮೊದಲ ಮೆರವಣಿಗೆ ಬಂದು ಹೋದ ಮಾರನೇ ದಿನ ಸುಗತನ್ ಒಬ್ಬನೇ ಬಂದಿದ್ದನಂತೆ.

"ಬಂದು ಏನಂದ್ರು?"

"'ನನ್ನ ಹೆಂಡತಿ ಕೂಗಿದ್ದಕ್ಕೆ ಬೇಜಾರು ಮಾಡ್ಕೋಬೇಡಿ ಈಪ್ಪಚ್ಚಾ, ಅವಳಿಗೆ ಬಾಯಾರಿಕೆ' ಅಂದ. ಗುಂಡಿ ನೋಡಿದ. ಮುಂಡು ಎತ್ತಿ ಕಟ್ಟಿ ಇಳಿದ. ಅವತ್ತಿಂದ ಅವನು ಮೊಗೆಯೋದು, ನಾನು ತಿರುಗಿಸೋದು. ನೀರು ಹೊರಟ ಮೇಲೆ ಆ ಪೈಪಿಗೂ 'ದೊಡ್ಡ ಉಪಕಾರ' ಅಂತ ಹೇಳಿ ಹೋಗ್ತಿದ್ದ. ನಿನಗೆ ಮಾಲೆ ಹಾಕಿದ ದಿನ ನಾನೇ ಕೇಳಿದೆ, 'ಲೋ ಸುಗತಾ, ಹೇಳೋ ಅವರಿಗೆ, ನಂಗೂ ಒಂದು ಲಾಡು ಸಿಗಲಿ' ಅಂತ."

"ಅದಕ್ಕೆ?"

"'ಬೇಡ ಈಪ್ಪಚ್ಚಾ, ಅವಳ ಕೊರಳಿಗೆ ಮಾಲೆ ಬಿದ್ದಿದೆ. ನೀರಿನ ವಿಷಯ ಹೇಳಿ ಅದನ್ನ ಯಾಕೆ ಒದ್ದೆ ಮಾಡೋದು' ಅಂದ."

ಪೊನ್ನಮ್ಮ ಒಬ್ಬಳು ಮುಂದೆ ಬಂದು ಡಬ್ಬಿಯನ್ನು ಎತ್ತಿ ತಿರುಗಿಸಿ ಕೆಂಪು ಗೀರು ನೋಡಿದಳು.

"ನನ್ನನ್ನ ಡಬ್ಬಿ ಕಳ್ಳಿ ಅಂದ್ರಲ್ಲ ಚೇಚೀ!"

ಓಮನಳಿಗೆ ನಗು ಬಂತು. ನಗುವಿನ ಹಿಂದೆಯೇ ಚಿತೆಯ ಮುಂದೆ ಬಾರದೇ ಹೋದ ಅಳು ಬಂತು. ಸಣ್ಣ ದನಿಯಲ್ಲಿ, ಮುರುಕು ಮುರುಕಾಗಿ, ತಾಳವಿಲ್ಲದೆ. ಅದರ ಹಿಂದೆ ಯಾರಿಂದಲೂ ಕೂಗಲು ಆಗಲಿಲ್ಲ.

ಆಮೇಲೆ ತಾನೂ ಉಟ್ಟ ಮುಂಡು ಎತ್ತಿ ಕಟ್ಟಿದಳು. "ಡಬ್ಬಿ ಕೊಡು ಇಲ್ಲಿ" ಎಂದು ಪೊನ್ನಮ್ಮನ ಕೈಯಿಂದ ತೆಗೆದುಕೊಂಡು ಗುಂಡಿಗೆ ಇಳಿದಳು.

ಸಖಾವ್ ಚೆಲ್ಲಪ್ಪನ್ ಸುಮ್ಮನೆ ಬಿಡುವ ಆಳಲ್ಲ. ಸಂಜೆ ಮನೆಗೇ ಬಂದ.

"ಚೇಚೀ, ನೀವು ಮೊಗೀತಾ ಇದ್ರೆ ಆ ಕಚೇರಿಯವರು ಈ ಜನ್ಮದಲ್ಲಿ ಗೋಡೆ ಕಟ್ಟಿಸಲ್ಲ. ನಿಮ್ಮ ಉಪಕಾರ ಹೋಗಿ ಅವರಿಗೆ ಉಪಕಾರ ಆಗುತ್ತೆ."

"ಸುಳ್ಳಲ್ಲ ನೀನು ಹೇಳೋದು."

"ಮತ್ತೆ? ಬನ್ನಿ ಕೂಗೋಕೆ."

"ನೀವೆಲ್ಲ ಹೋಗಿ ಕೂಗಿ ಚೆಲ್ಲಪ್ಪಾ. ಗೋಡೆ ಬಂದಾಗ ಬರಲಿ. ನಾಳೆ ಗಂಜಿಗೆ ನೀರು ಬೇಕಲ್ಲ."

"ಒಬ್ಬರು ಗುಂಡಿಗೆ ಇಳಿದ್ರೆ ಲೋಕ ಬದಲಾಗುತ್ತಾ?"

"ಲೋಕದ ಮಾತು ನಂಗ್ಯಾಕೆ? ಬದಲಾಗಬೇಕಾದ ಬಾಯಿ ಒಂದಿದೆ, ನನ್ನ ಮುಖದ ಮೇಲೇ ಇದೆ. ಮೊದಲು ಅದನ್ನ ನೋಡ್ಕೋತೀನಿ."

ಚೆಲ್ಲಪ್ಪನ್ ತಲೆ ಎತ್ತಿ ನೋಡಿದ. ಮೊಳೆಯಲ್ಲಿ ಮಾಲೆ ಇರಲಿಲ್ಲ. ಸುಗತನ್‌ನ ಫೋಟೋಕ್ಕೆ ಹಾಕಿದ್ದಳು. ಕಾಗದದ ಕೆಂಪು ಬಿಳಿಚಿ ಹೋಗಿತ್ತು. ಬಿಳಿಚಿದರೇನು, ಸರಿಯಾದ ಕೊರಳಿಗೆ ಬಿದ್ದಿತ್ತು.

ಹೇಳುವುದು ಸುಲಭ, ಬಾಯಿ ತಿದ್ದುವುದು ಕಷ್ಟ. ಘೋಷಣೆ ಎಂದರೆ ಇನ್ನೊಬ್ಬರು ಏನು ಕೊಡಲಿಲ್ಲ ಎಂದು ಹೇಳುವುದು. ಯಾರು ಏನು ಕೊಟ್ಟರು ಎಂದು ಹೇಳುವ ಅಭ್ಯಾಸ ಆ ನಾಲಿಗೆಗೆ ಇರಲಿಲ್ಲ. ಮೊದಲ ದಿನ ವಾಲ್ವ್ ತಿರುಗಿಸಿದ ಮೇಲೆ ಈಪ್ಪಚ್ಚನಿಗೆ "ದೊಡ್ಡ ಉಪಕಾರ" ಎನ್ನಲು ಹೋದಳು. ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತು. ಕೆಮ್ಮಿದಳು. ಈಪ್ಪಚ್ಚ, "ಕೆಸರು ನೀರು ನುಂಗಿದ್ಯಾ?" ಎಂದ. ಕಡೆಗೆ ಹೇಳಿದಾಗ ಅದು ಎಷ್ಟು ಜೋರಾಗಿ ಬಂತೆಂದರೆ ಮರದ ಮೇಲಿನ ನೀರುಕಾಗೆ ಹಾರಿಹೋಯಿತು.

ಆಮೇಲೆ ಬೇರೆಯವರ ಮೇಲೂ ಪ್ರಯೋಗ ಮಾಡಿದಳು. ರೇಷನ್ ಅಂಗಡಿಯವನಿಗೆ ಹೇಳಿದರೆ ಅವನು ಹೆದರಿ ಅಕ್ಕಿಯನ್ನು ಇನ್ನೊಂದು ಸಲ ತೂಗಿದ. ಬೋಟಿನ ಕಂಡಕ್ಟರನಿಗೆ ಹೇಳಿದರೆ, "ಯಾವ ಫಂಡು ಚೇಚೀ? ರಸೀತಿ ಪುಸ್ತಕ ತಂದಿದ್ದೀರಾ?" ಎಂದ. ಪೊನ್ನಮ್ಮನಿಗೆ ಹೇಳಿದಾಗ ಅವಳು ಕೈ ಹಿಡಿದು ಮೂಲೆಗೆ ಕರೆದುಕೊಂಡು ಹೋದಳು.

"ಚೇಚೀ, ನಿಜ ಹೇಳಿ. ಯಾರಿಗೂ ಹೇಳಲ್ಲ. ನೀವು ಕ್ರಿಸ್ತಿಯಾನಿಯಾಗಿ ಪೆಂತೆಕೋಸ್ತ್ ಸಭೆಗೆ ಸೇರಿದ್ರಾ?"

"ಇಲ್ವೇ. ನಿನ್ನ ಕಳ್ಳಿ ಅಂದೆ, ನೀನು ತಿರುಗಿ ಅನ್ನಲಿಲ್ಲ. ಅದಕ್ಕೆ ಉಪಕಾರ."

"ಅಂದಿದ್ದೆ," ಎಂದಳು ಪೊನ್ನಮ್ಮ. "ನಿಮಗೆ ಕೇಳಿಸಲಿಲ್ಲ. ನೀವು ಕೂಗ್ತಾ ಇದ್ರಿ."

ಈಪ್ಪಚ್ಚನ ಪದದ ವಿಷಯ ಎತ್ತಲು ಅವಳಿಗೆ ಬಹಳ ದಿನ ಹಿಡಿಯಿತು. ಒಂದು ಬೆಳಿಗ್ಗೆ ಗುಂಡಿಯಲ್ಲಿ ಬಾಗಿದ್ದಾಗ, ಮುಖ ಕಾಣುವುದಿಲ್ಲವೆಂಬ ಧೈರ್ಯದಲ್ಲಿ ಕೇಳಿದಳು.

"ಈಪ್ಪಚ್ಚಾ, ನಿಮ್ಮ ಮೇಲೆ ಒಂದು ಪದ ಕಟ್ಟಿದ್ದೆನಲ್ಲ..."

"ಕಟ್ಟಿದ್ದೆ."

"ಮಗಳ ನಿಶ್ಚಿತಾರ್ಥದಲ್ಲಿ..."

"ಹಾಡಿದ್ರು. ಮದುವೆ ಆಯ್ತು ಬಿಡು. ಈಗ ಮೊಮ್ಮಗ ಇದ್ದಾನೆ, ಆ ಪದ ಹಾಡಿದ್ರೆ ಮಾತ್ರ ಊಟ ಮಾಡ್ತಾನೆ." ಲಾಟೀನನ್ನು ಇನ್ನೊಂದು ಕೈಗೆ ಬದಲಿಸಿ ಹೇಳಿದ: "ನನ್ನ ಹೆಂಡತಿ ಮಾತ್ರ ನಿನ್ನ ಈ ಜನ್ಮದಲ್ಲಿ ಮಾತಾಡಿಸಲ್ಲ. ಅದಕ್ಕೆ ನಾನೇನೂ ಮಾಡಕ್ಕಾಗಲ್ಲ."

"ಬೇಡ. ಅವರು ಹೇಳಿದ್ದು ಸರಿ."

"ಅವಳೇನು ಹೇಳಿದಳು ಅಂತ ನಾನೆಲ್ಲಿ ಹೇಳ್ದೆ?"

"ಏನು ಹೇಳಿದ್ರೂ ಸರಿ."

ಚೆಲ್ಲಪ್ಪನ್ ಕಚೇರಿಗೆ ಮೆರವಣಿಗೆ ತೆಗೆದುಕೊಂಡು ಹೋದ. ಬೇರೆ ಒಬ್ಬಳು ಘೋಷಣೆ ಎತ್ತಿಕೊಟ್ಟಳಂತೆ, ದನಿ ಸಾಲದಂತೆ. ಗೋಡೆಯ ವಿಷಯ ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂದಿದೆ. ಗೋಡೆ ಬಂದರೆ ಓಮನ ಬೇಡ ಅನ್ನುವವಳಲ್ಲ. ಸೊಂಟ ಅವಳದೂ ಸೊಂಟವೇ.

ಸುಗತನ್‌ನ ಎಡಭುಜದ ಮೇಲೆ ಮಾಡಿದ ಆ ಹಾಸ್ಯವನ್ನು ಅವಳು ಮತ್ತೆ ಯಾರಿಗೂ ಹೇಳಿಲ್ಲ. ಅದು ಯಾವ ಗುಂಡಿಯಿಂದಲೂ ಮೊಗೆದು ಚೆಲ್ಲಲು ಆಗುವಂಥದಲ್ಲ. ಮಲಗಿದಾಗ ತುಂಬುತ್ತದೆ, ಎದ್ದಾಗ ಇರುತ್ತದೆ.

ನಸುಕಿಗೆ ಮುಂಚೆ ಓಮನ ದೋಣಿ ಬಿಚ್ಚುತ್ತಾಳೆ. ಒಂದು ಡಬ್ಬಿಯಲ್ಲಿ ಒಣಶುಂಠಿ ಕಾಫಿ, ಬೆಲ್ಲ ಜಾಸ್ತಿ. ಆಚೆ ದಡದಲ್ಲಿ ಈಪ್ಪಚ್ಚ ಲಾಟೀನು ಹಿಡಿದು ನಿಂತಿರುತ್ತಾನೆ. ಅವಳು ಗುಂಡಿಗೆ ಇಳಿದು ಹಳದಿ ಡಬ್ಬಿಯಲ್ಲಿ ಮೊಗೆಯುತ್ತಾಳೆ. ಮೊಗೆಯುವುದಕ್ಕೆ ಒಂದು ತಾಳ ಬೇಕು, ಇಲ್ಲದಿದ್ದರೆ ಕೈ ಸೋಲುತ್ತದೆ. ಅವಳಿಗೆ ಬರುವ ತಾಳ ಒಂದೇ.

"ನೀರೆಲ್ಲಿ ನೀರೆಲ್ಲಿ ಈಪ್ಪಚ್ಚಾ?"

ಮೇಲೆ ನಿಂತ ಈಪ್ಪಚ್ಚ ಆಕಳಿಸುತ್ತಾ ಹಿಂದೆ ಹೇಳುತ್ತಾನೆ:

"ಮಲಗಿದ್ದು ಸಾಕೋ, ಏಳಪ್ಪಚ್ಚಾ."

ತಳ ಕಂಡಾಗ ಅವನು ಇಳಿದು ವಾಲ್ವ್ ತಿರುಗಿಸುತ್ತಾನೆ. ಪೈಪು ನಡುಗುತ್ತದೆ. ಓಮನ ಅದರ ಮೇಲೆ ಅಂಗೈ ಇಟ್ಟು, ಮೆಲ್ಲನೆ, ಸುಗತನ್‌ನ ದನಿಯಷ್ಟೇ ಸಣ್ಣಗೆ, "ದೊಡ್ಡ ಉಪಕಾರ" ಎನ್ನುತ್ತಾಳೆ. ಆಮೇಲೆ ಮನೆಗೆ ಬಂದು, ಬೈದುಕೊಂಡು, ತನ್ನದೇ ಮುಂಡಿನ ಕೆಸರು ಒಗೆಯುತ್ತಾಳೆ.